ಹಳೆಯ ಬಾಲ್ಡರ್ಸ್ ಗೇಟ್, ಹೊಸ ಬಾಲ್ಡರ್ಸ್ ಗೇಟ್: ಎರಡನ್ನೂ ವರ್ಷಗಟ್ಟಲೆ ಆಡಿದ ಮೇಲೆ

1998ರ ರೋಲ್‌ಪ್ಲೇಯಿಂಗ್ ಕಂಪ್ಯೂಟರ್ ಗೇಮ್ ಬಾಲ್ಡರ್ಸ್ ಗೇಟ್ ಮತ್ತು 2012ರಲ್ಲಿ ಬಂದ ಅದರ ಎನ್‌ಹ್ಯಾನ್ಸ್ಡ್ ಎಡಿಷನ್, ಅಂದರೆ ಸುಧಾರಿಸಿದ ಹೊಸ ಆವೃತ್ತಿ, ಎರಡೂ ನನ್ನ ಕಂಪ್ಯೂಟರ್‌ನಲ್ಲಿ ಅಕ್ಕಪಕ್ಕ ಇವೆ. ವರ್ಷಗಳಿಂದ ಒಮ್ಮೆ ಅದು, ಒಮ್ಮೆ ಇದು ಅಂತ ಆಡುತ್ತಾ ಬಂದಿದ್ದೇನೆ. ಮೊದಲ ಸಲ ಆಡುವವರು ಕೇಳಿದರೆ ಹೊಸದನ್ನೇ ಹಾಕಿಕೊಳ್ಳಿ ಅನ್ನುತ್ತೇನೆ. ಆದರೆ ಅದು ಹಳೆಯದರ ಮೇಲೆ ಬರೀ ಹೊಸ ಬಣ್ಣ ಬಳಿದದ್ದು ಅಂದುಕೊಳ್ಳಬೇಡಿ. ಕೆಲವು ಕಡೆ ಅದು ಬೇರೆಯದೇ ಗೇಮ್.

ಹೊಸದರ ದೊಡ್ಡ ಉಪಕಾರ ನಡಿಗೆಯಲ್ಲಿದೆ. ನೀವು ನಡೆಸುವ ಆರು ಪಾತ್ರಗಳ ಗುಂಪನ್ನು, ಅಂದರೆ ಪಾರ್ಟಿಯನ್ನು, ಇಕ್ಕಟ್ಟಾದ ದಾರಿಯಲ್ಲಿ ನಡೆಸುವುದು ಹಳೆಯದರಲ್ಲಿ ನಿಜವಾದ ಕಷ್ಟ. ಫೈರ್‌ವೈನ್ ಸೇತುವೆಯ ಕೆಳಗಿನ ಸುರಂಗಕ್ಕೆ ಹೋದವರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಒಬ್ಬರು ಮಾತ್ರ ಹೋಗಬಹುದು. ಮುಂದಿನವನು ನಿಂತರೆ ಹಿಂದಿನವರು ಬೇರೆ ದಾರಿ ಹುಡುಕುತ್ತಾ ಸುರಂಗವನ್ನೆಲ್ಲ ಸುತ್ತುತ್ತಾರೆ. ಅಷ್ಟರಲ್ಲಿ ಕೋಬೋಲ್ಡ್ ಎಂಬ ಕುಳ್ಳ ರಾಕ್ಷಸರು ಬೆಂಕಿಯ ಬಾಣ ಬಿಡುತ್ತಿರುತ್ತಾರೆ. ಹಳೆಯದರ ಸೆಟ್ಟಿಂಗ್‌ನಲ್ಲಿ ದಾರಿ ಹುಡುಕುವ ಲೆಕ್ಕವನ್ನು ಹೆಚ್ಚಿಸಬಹುದು. ಅದರಿಂದ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಹೊಸದರಲ್ಲಿ ಈ ಗೋಳು ಬಹಳ ಮಟ್ಟಿಗೆ ಕಡಿಮೆಯಾಗಿದೆ. ಅಲ್ಲಿ ಈಗ ನಾನು ಶತ್ರುವಿನ ಜೊತೆ ಹೋರಾಡುತ್ತೇನೆ, ನನ್ನವರ ಜೊತೆ ಅಲ್ಲ.

ಇನ್ನೊಂದು ಕಣ್ಣಿನ ವಿಷಯ. ಹಳೆಯದು 640x480ರ ಪರದೆಗೆ ಮಾಡಿದ್ದು. ಅದರಲ್ಲೂ ಎರಡು ಬದಿ ಮತ್ತು ಕೆಳಗಿನ ಜಾಗವನ್ನು ಬಟನ್‌ಗಳ ಪಟ್ಟಿ ತಿನ್ನುತ್ತದೆ. ಪಾತ್ರಗಳ ಕಣ್ಣಿಗೆ ಕಾಣುವ ದೂರ ನಿಮ್ಮ ಪರದೆಗಿಂತ ಜಾಸ್ತಿ. ಹಾಗಾಗಿ ಬಾಣ ಎಲ್ಲಿಂದ ಬಂತು ಅಂತ ಗೊತ್ತಾಗುವ ಮೊದಲೇ ಒಬ್ಬ ಬಿದ್ದಿರುತ್ತಾನೆ. ಹೊಸದರಲ್ಲಿ ಪರದೆ ದೊಡ್ಡದು, ಮೌಸ್ ಚಕ್ರ ತಿರುಗಿಸಿದರೆ ಜೂಮ್ ಆಗುತ್ತದೆ, ಬಿಲ್ಲುಗಾರ ಮೊದಲೇ ಕಾಣುತ್ತಾನೆ. ಆಟ ಸುಲಭವಾಯಿತು ಅನ್ನುವವರಿದ್ದಾರೆ. ಕಾಣದೆ ಸಾಯುವುದರಲ್ಲಿ ಕೌಶಲ ಏನೂ ಇಲ್ಲ, ಅಲ್ವಾ? ಇದನ್ನು ನಾನು ಸುಧಾರಣೆ ಎಂದೇ ಎಣಿಸುತ್ತೇನೆ.

ನನಗೆ ಒಪ್ಪಿಗೆಯಾಗದ್ದು ನಿಯಮಗಳ ಬದಲಾವಣೆ. ಹೊಸದು ಓಡುವುದು 2000ದಲ್ಲಿ ಬಂದ ಎರಡನೇ ಭಾಗದ ಎಂಜಿನ್ (ಗೇಮ್ ಓಡಿಸುವ ಮೂಲ ತಂತ್ರಾಂಶ) ಮೇಲೆ. ಅದರ ಜೊತೆ ಎರಡನೇ ಭಾಗದ ಕ್ಲಾಸ್‌ಗಳು (ಯೋಧ, ಮಂತ್ರವಾದಿಯಂಥ ಪಾತ್ರದ ಬಗೆಗಳು), ಕಿಟ್‌ಗಳು (ಆ ಬಗೆಗಳ ವಿಶೇಷ ರೂಪಗಳು), ಎರಡೂ ಕೈಯಲ್ಲಿ ಆಯುಧ ಹಿಡಿಯುವುದು ಎಲ್ಲ ಮೊದಲ ಭಾಗಕ್ಕೂ ಬಂದುಬಿಟ್ಟಿವೆ. ಮೊದಲ ಭಾಗದ ರುಚಿ ಇರುವುದೇ ನಿಮ್ಮ ಬಡತನದಲ್ಲಿ. ಒಂದನೇ ಲೆವೆಲ್‌ನ ಮಂತ್ರವಾದಿ ಒಂದೇ ಏಟಿಗೆ ಸಾಯುತ್ತಾನೆ. ಅವನ ಕೈಯಲ್ಲಿರುವುದು ಒಂದೇ ಒಂದು ಸ್ಪೆಲ್, ಅಂದರೆ ಮಂತ್ರ. ಅದನ್ನು ಈ ತೋಳದ ಮೇಲೆ ಬಿಡಲೋ, ಮುಂದೆ ಬರುವುದಕ್ಕೆ ಉಳಿಸಲೋ ಅನ್ನುವ ಸಂಕಟವೇ ಆ ಗೇಮ್. ಆಯುಧದ ತರಬೇತಿಯೂ ಹಳೆಯದರಲ್ಲಿ ದೊಡ್ಡ ಗುಂಪುಗಳಲ್ಲಿತ್ತು. ದೊಡ್ಡ ಕತ್ತಿ ಕಲಿತವನು ಸಿಕ್ಕ ದೊಡ್ಡ ಕತ್ತಿಯನ್ನೆಲ್ಲ ಬಳಸಬಹುದಿತ್ತು. ಹೊಸದರಲ್ಲಿ ಅದನ್ನು ಸಣ್ಣ ಸಣ್ಣ ಭಾಗ ಮಾಡಿದ್ದಾರೆ. ಮೊದಲ ಭಾಗದಲ್ಲಿ ಸಿಗುವ ಒಳ್ಳೆಯ ಆಯುಧಗಳೇ ಕಡಿಮೆ. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಿರುವವರಿಗೆ ಮಾತ್ರ ಅಲ್ಲಿ ಸರಿಯಾದ ಆಯ್ಕೆ ಮಾಡಲು ಸಾಧ್ಯ. ಹೊಸಬರಿಗೆ ನನ್ನ ಸಲಹೆ ಇಷ್ಟೇ: ಮೊದಲ ಆಟಕ್ಕೆ ಕಿಟ್ ಇಲ್ಲದ ಸಾದಾ ಕ್ಲಾಸ್ ಆರಿಸಿ.

ಪಾರ್ಟಿಗೆ ಸೇರಿಸಿಕೊಳ್ಳಲೆಂದು ಹೊಸ ಆವೃತ್ತಿಯಲ್ಲಿ ತಂದ ಸಂಗಾತಿಗಳ ಬಗ್ಗೆ ಅಭಿಮಾನಿಗಳ ಜಗಳ ಇನ್ನೂ ನಿಂತಿಲ್ಲ. ನೀರಾ, ಡೋರ್ನ್, ರಸಾದ್ ಮೂವರೂ ಕೆಟ್ಟ ಪಾತ್ರಗಳೇನಲ್ಲ. ತೊಂದರೆ ಇರುವುದು ಮಾತಿನ ಪ್ರಮಾಣದಲ್ಲಿ. ಮೊದಲ ಭಾಗದ ಖಾಲಿದ್, ಜಹೇರಾ, ಮಿನ್ಸ್ಕ್ ಪಾರ್ಟಿಗೆ ಸೇರಿದ ಮೇಲೆ ಹೆಚ್ಚು ಮಾತಾಡುವುದಿಲ್ಲ. ಒಂದೊಂದು ಸಾಲು ಗೊಣಗುತ್ತಾರೆ, ಉಳಿದದ್ದನ್ನು ನೀವೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಇಂಥವರ ನಡುವೆ ಬೆರೆಗಾಸ್ಟ್ ಊರಿನಲ್ಲಿ ನೀರಾ ಬಂದು ಉದ್ದುದ್ದ ಮಾತು ಶುರು ಮಾಡಿದರೆ, ಸುಮ್ನೆ ಕೂತಿದ್ದ ಸಾಲಿನಲ್ಲಿ ಒಬ್ಬರ ಮೇಲೆ ಮಾತ್ರ ದೀಪ ಬಿಟ್ಟಂತೆ ಆಗುತ್ತದೆ. ನಾನು ಈ ಮೂವರನ್ನು ಸೇರಿಸಿಕೊಳ್ಳದೆಯೇ ಆಡುತ್ತೇನೆ. ಹಾಗೆ ಆಡಿದರೂ ಮುಖ್ಯ ಕಥೆಗೆ ಯಾವ ಕೊರತೆಯೂ ಆಗುವುದಿಲ್ಲ.

ಶುರುವಿನ ವಿಡಿಯೋ ಬದಲಾದದ್ದು ನನಗೆ ನಿಜವಾಗಿ ಬೇಸರ. ಹಳೆಯದರಲ್ಲಿ ಕವಚ ತೊಟ್ಟ ದೈತ್ಯನಂಥ ಖಳನಾಯಕ ಒಬ್ಬ ಮನುಷ್ಯನನ್ನು ಎತ್ತರದಿಂದ ಕೆಳಗೆ ಎಸೆಯುವ 3ಡಿ ದೃಶ್ಯವಿತ್ತು. ಇವತ್ತಿನ ಕಣ್ಣಿಗೆ ಅದು ಒರಟು, ನಿಜ. ಹೊಸದರಲ್ಲಿ ಅದರ ಜಾಗಕ್ಕೆ ಕೈಯಲ್ಲಿ ಬಿಡಿಸಿದ ಚಿತ್ರಗಳು ಬಂದಿವೆ. ನೋಡಲು ಚೆಂದ. ಆದರೆ ಆ ಹಳೆಯ ಭಯ ಇಲ್ಲ. ಹಳೆಯ ವಿಡಿಯೋಗಳನ್ನು ಮರಳಿ ತರುವ ಮಾಡ್ (ಅಭಿಮಾನಿಗಳು ಮಾಡಿದ ಮಾರ್ಪಾಡು) ಇದೆ, ನಾನು ಅದನ್ನು ಹಾಕಿಕೊಂಡೇ ಆಡುತ್ತೇನೆ.

ಇದೇ ಜಾತಿಯ ಇನ್ನೊಂದು ಗೇಮ್, 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ, 2017ರ ಎನ್‌ಹ್ಯಾನ್ಸ್ಡ್ ಎಡಿಷನ್ನೇ ಸರಿ. ಅದು ಓದುವ ಗೇಮ್. ಕಾದಂಬರಿಗಳನ್ನು ಮೀರಿಸುವಷ್ಟು ಮಾತು ಅದರಲ್ಲಿದೆ. ಹಳೆಯದನ್ನು ಈಗಿನ ದೊಡ್ಡ ಮಾನಿಟರ್‌ನಲ್ಲಿ ಹಾಕಿದರೆ ಅಕ್ಷರ ಮಸುಕಾಗಿ ಹಿಗ್ಗುತ್ತದೆ. ಮಾಡ್ ಹಾಕಿ ಪರದೆ ದೊಡ್ಡದು ಮಾಡಿದರೆ ಅಕ್ಷರ ಇರುವೆಯಷ್ಟು ಚಿಕ್ಕದಾಗುತ್ತದೆ. ಹೊಸದರಲ್ಲಿ ಅಕ್ಷರದ ಗಾತ್ರ ನಿಮ್ಮ ಕೈಯಲ್ಲಿದೆ. ಆದರೆ ಜೂಮ್ ಅನ್ನು ಪೂರ್ತಿ ಹೊರಗೆ ಎಳೆಯಬೇಡಿ. ಸಿಗಿಲ್ ಊರಿನ ಬೀದಿಗಳನ್ನು, ಕೋಣೆಗಳನ್ನು ಹತ್ತಿರದಿಂದ ನೋಡುವುದಕ್ಕೆಂದೇ ಬಿಡಿಸಿದ್ದಾರೆ. ದೂರದಿಂದ ನೋಡಿದರೆ ಕಪ್ಪು ಪರದೆಯ ನಡುವೆ ಒಂದು ಸಣ್ಣ ಕೋಣೆ ತೇಲುತ್ತಿರುತ್ತದೆ, ಆ ಊರಿನ ಇಕ್ಕಟ್ಟು, ಕೊಳಕು, ಉಸಿರುಗಟ್ಟುವಿಕೆ ಎಲ್ಲ ಮಾಯ. ಪಾತ್ರಗಳ ಸುತ್ತ ಬರುವ ಕಪ್ಪು ಗೆರೆಯನ್ನೂ ಸೆಟ್ಟಿಂಗ್‌ನಲ್ಲಿ ತೆಗೆದುಬಿಡಿ.

ಹಳೆಯ ಗೇಮ್ ಅನ್ನು ಹೊಸದಾಗಿಸುವ ಕೆಲಸ, ಅಂದರೆ ರೀಮಾಸ್ಟರ್, ಹೇಗಿರಬೇಕು ಅಂದರೆ ನಾನು ತೋರಿಸುವುದು 2021ರ ಡಯಾಬ್ಲೋ 2: ರಿಸರೆಕ್ಟೆಡ್. ಅದು ಸ್ವಲ್ಪ ಬೇರೆ ಜಾತಿಯ ಗೇಮ್, ಹೊಡೆದಾಟ ಜಾಸ್ತಿ. ಆದರೂ ಅಲ್ಲಿರುವ ಒಂದು ಸೌಕರ್ಯ ಮೇಲೆ ಹೇಳಿದ ಗೇಮ್‌ಗಳಲ್ಲಿ ಇಲ್ಲ. ಕಂಪ್ಯೂಟರ್‌ನಲ್ಲಿ ಜಿ ಕೀ ಒತ್ತಿದರೆ ಆಡುತ್ತಿರುವಾಗಲೇ 2000ದ ಮೂಲ ಗೇಮ್‌ನ ಚಿತ್ರ ಬರುತ್ತದೆ, ಮತ್ತೆ ಒತ್ತಿದರೆ ಹೊಸದು. ಹೊಸ ಚಿತ್ರದ ಕೆಳಗೆ ಹಳೆಯ ಲೆಕ್ಕಾಚಾರವೇ ಓಡುತ್ತಿರುವುದರಿಂದ ಇದು ಸಾಧ್ಯ. ಬಿಡುಗಡೆಯಾದಾಗ ಏಟಿನ ವೇಗ, ದೂರ, ಅದೃಷ್ಟ ಎಲ್ಲವೂ ಮೊದಲಿನಂತೆಯೇ ಇದ್ದವು. ಹೊಸದರಲ್ಲಿ ವಿವರ ಎಷ್ಟೋ ಪಟ್ಟು ಹೆಚ್ಚು, ಹಳೆಯದರಲ್ಲಿ ಗುಂಪಿನ ನಡುವೆ ಶತ್ರುವಿನ ಆಕಾರ ಬೇಗ ಗುರುತಾಗುತ್ತದೆ. ಎರಡನ್ನೂ ಪಕ್ಕದಲ್ಲೇ ಇಟ್ಟು ನಿರ್ಧಾರವನ್ನು ಆಡುವವರಿಗೆ ಬಿಟ್ಟಿದ್ದಾರೆ. ನಾನು ಇದನ್ನು ಹಳೆಯ ಕೆಲಸಕ್ಕೆ ಕೊಟ್ಟ ಗೌರವ ಅನ್ನುತ್ತೇನೆ.

ಮಾಡ್ ಹಾಕುವವರಿಗೆ ಒಂದು ಮಾತು. ಎನ್‌ಹ್ಯಾನ್ಸ್ಡ್ ಎಡಿಷನ್‌ಗಳಿಗೆ ಬಿಡುಗಡೆಯಾಗಿ ವರ್ಷಗಳಾದ ಮೇಲೂ ದೊಡ್ಡ ಅಪ್‌ಡೇಟ್‌ಗಳು ಬಂದಿವೆ. ಆಟದ ನಡುವೆ ಅಪ್‌ಡೇಟ್ ಆದರೆ ಮಾಡ್‌ಗಳು ಕೆಡುತ್ತವೆ, ಉಳಿಸಿಟ್ಟ ಆಟ (ಸೇವ್) ಕೂಡ ಹೋಗಬಹುದು. ತಾನಾಗಿಯೇ ಅಪ್‌ಡೇಟ್ ಆಗುವುದನ್ನು ಮೊದಲು ನಿಲ್ಲಿಸಿ. ಇಲ್ಲವೇ ಇಡೀ ಫೋಲ್ಡರ್ ಅನ್ನು ಬೇರೆ ಕಡೆ ಕಾಪಿ ಮಾಡಿ, ಆ ಕಾಪಿಗೆ ಮಾಡ್ ಹಾಕಿ.

ಇನ್ನು ಇದೇ ಜಾತಿಯ ಮತ್ತೊಂದು ಗೇಮ್, 2002ರ ಐಸ್‌ವಿಂಡ್ ಡೇಲ್ 2. ಮೊದಲ ಐಸ್‌ವಿಂಡ್ ಡೇಲ್‌ಗೆ 2014ರಲ್ಲಿ ಹೊಸ ಆವೃತ್ತಿ ಬಂತು. ಎರಡನೆಯದಕ್ಕೆ ಅಧಿಕೃತವಾಗಿ ಬರಲೇ ಇಲ್ಲ, ಮೂಲ ಕೋಡ್ ಸಿಗಲಿಲ್ಲ ಅನ್ನುವುದೇ ಕಾರಣ. ಕೊನೆಗೆ ಅಭಿಮಾನಿಗಳೇ ಕೂತು ಮಾಡ್ ರೂಪದಲ್ಲಿ ಒಂದು ಎನ್‌ಹ್ಯಾನ್ಸ್ಡ್ ಎಡಿಷನ್ ಕಟ್ಟಿದರು. ಅದನ್ನು ಹಾಕಲು ಮೂಲ ಗೇಮ್ ನಿಮ್ಮ ಹತ್ತಿರ ಇರಲೇಬೇಕು. ಹಳೆಯ ಡಿಸ್ಕ್‌ಗಳನ್ನು, ಹಳೆಯ ಇನ್‌ಸ್ಟಾಲರ್‌ಗಳನ್ನು ಇನ್ನೂ ಇಟ್ಟುಕೊಂಡಿದ್ದರೆ ದಯವಿಟ್ಟು ಬಿಸಾಡಬೇಡಿ.