ಕೆಟ್ಟ ಫೋಟೋ ಫೈಲಿಗೆ ಯಾವ ಮದ್ದು? ಫೋಟೋರೆಕ್, ರೆಕುವಾ, ಹೆಕ್ಸ್ ಎಡಿಟರ್, ಪಾವತಿ ತಂತ್ರಾಂಶ: ಒಂದು ಹೋಲಿಕೆ

"ಫೋಟೋ ಓಪನ್ ಆಗ್ತಿಲ್ಲ" ಅನ್ನುವ ದೂರು ಒಂದೇ, ಕಾಯಿಲೆ ಮೂರು. ಕಾರ್ಡಿನ ಫೈಲ್ ಸಿಸ್ಟಮ್ ಕೆಟ್ಟು, ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕವೇ ಹಾಳಾಗಿರುವುದು ಒಂದು. ಫೈಲು ಇದ್ದೂ ಅದರ ತಲೆ, ಅಂದರೆ ಹೆಡರ್, ಹೋಗಿರುವುದು ಎರಡನೆಯದು. ತಲೆ ನೆಟ್ಟಗಿದ್ದು ಹೊಟ್ಟೆಯೊಳಗಿನ ಚಿತ್ರದ ಡೇಟಾ ನಡುವೆ ಹರಿದಿರುವುದು ಮೂರನೆಯದು. ಮಾರುವವರು ಮೂರನ್ನೂ "ಫೋಟೋ ರಿಕವರಿ" ಎಂಬ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಒಂದು ಕಾಯಿಲೆಯ ಮದ್ದನ್ನು ಇನ್ನೊಂದಕ್ಕೆ ಕೊಟ್ಟು "ಈ ಸಾಫ್ಟ್‌ವೇರ್ ಕೆಲಸಕ್ಕೆ ಬಾರದು" ಎಂದು ಬೈಯುವುದು ನಡೆದೇ ಇದೆ.

ಹೋಲಿಕೆಗೆ ಬಳಸಿದ್ದು ಒಂದು 32 ಜಿಬಿ ಕಾರ್ಡು (ಫೈಲ್ ಸಿಸ್ಟಮ್ ಫ್ಯಾಟ್32), 24 ಮೆಗಾಪಿಕ್ಸೆಲ್ ಜೆಪೆಗ್‌ಗಳು, ಜೊತೆಗೆ ಒಂದಿಷ್ಟು ರಾ ಫೈಲುಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಡೇಟಾ). ಇವುಗಳ ನಕಲುಗಳನ್ನು ಬೇಕೆಂದೇ ಕೆಡಿಸಲಾಯಿತು: ಕೆಲವನ್ನು ಡಿಲೀಟ್ ಮಾಡಿ, ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ, ಕೆಲವು ಫೈಲುಗಳ ಮೊದಲ 4 ಕೆಬಿಗೆ ಸೊನ್ನೆ ತುಂಬಿ, ಕೆಲವಕ್ಕೆ ನಟ್ಟನಡುವೆ 512 ಬೈಟು ಸೊನ್ನೆ ಹಾಕಿ, ಕೆಲವನ್ನು ಅರ್ಧಕ್ಕೆ ಕತ್ತರಿಸಿ. ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು, ಫೈಲಿನ ಒಂದೊಂದು ಬೈಟನ್ನೂ ತೋರಿಸಿ ತಿದ್ದಲು ಬಿಡುವ ಹೆಕ್ಸ್ ಎಡಿಟರ್ ಒಂದಿದ್ದರೆ ಸಾಕು.

ಯಾವ ಉಪಕರಣಕ್ಕೂ ಕೈ ಹಾಕುವ ಮೊದಲು ಅರ್ಧ ನಿಮಿಷದ ಪರೀಕ್ಷೆಯೊಂದಿದೆ. ಕೆಟ್ಟ ಫೈಲನ್ನು ಜಿಪ್ ಮಾಡಿ. ಜೆಪೆಗ್ ಆಗಲೇ ಹಿಂಡಿಟ್ಟ ಡೇಟಾ, ಹಾಗಾಗಿ 8 ಎಂಬಿ ಫೈಲು ಜಿಪ್ ಆದ ಮೇಲೂ ಹೆಚ್ಚುಕಡಿಮೆ 8 ಎಂಬಿಯೇ ಇರಬೇಕು. ಅದು ಕೆಲವೇ ಕೆಬಿಗೆ ಕುಗ್ಗಿದರೆ ಒಳಗೆ ಬರೀ ಸೊನ್ನೆ. ಆ ಫೈಲಿನಲ್ಲಿ ರಿಪೇರಿ ಮಾಡಲು ಏನೂ ಉಳಿದಿಲ್ಲ, ಹುಡುಕಬೇಕಾದ್ದು ಕಾರ್ಡಿನಲ್ಲಿ. 3 ಎಂಬಿಗೆ ಕುಗ್ಗಿದರೆ ಅಷ್ಟು ಭಾಗವಾದರೂ ಜೀವಂತವಾಗಿದೆ ಎಂದು ಲೆಕ್ಕ. ಈ ಪರೀಕ್ಷೆ ಮಾಡದೆ ಹಣ ಕೊಟ್ಟು ರಿಪೇರಿ ತಂತ್ರಾಂಶ ಕೊಳ್ಳುವುದು ಖಾಲಿ ಕೊಡಕ್ಕೆ ಕಲಾಯಿ ಹಾಕಿಸಿದ ಹಾಗೆ.

ಕಾರ್ಡು ಕೆಟ್ಟಾಗ: ಫೋಟೋರೆಕ್ ಮತ್ತು ರೆಕುವಾ

ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಗುಂಡಿಯನ್ನು ಮೊದಲು ಕೆಳಕ್ಕೆ ತಳ್ಳಿ. "ಫಾರ್ಮ್ಯಾಟ್ ಮಾಡಬೇಕೇ?" ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ. ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ಮನ್ನು ಸರಿಮಾಡುವ ಸಾಧನವೇ ಹೊರತು ನಿಮ್ಮ ಫೋಟೋ ಉಳಿಸುವುದಲ್ಲ. ಕೊಂಡಿ ತಪ್ಪಿದ ತುಣುಕುಗಳನ್ನು ಸಿಎಚ್‌ಕೆ ಫೈಲುಗಳಾಗಿ ಕತ್ತರಿಸಿ ಇಟ್ಟುಬಿಡುತ್ತದೆ. ಕಾರ್ಡು ಓದುವಾಗ ತಡವರಿಸುತ್ತಿದ್ದರೆ ಲಿನಕ್ಸ್‌ನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಇಡೀ ಕಾರ್ಡಿನ ಇಮೇಜ್, ಅಂದರೆ ಬೈಟಿಗೆ ಬೈಟು ನಕಲು, ತೆಗೆಯಿರಿ. ಮೊದಲ ಸುತ್ತಿನಲ್ಲಿ ಎನ್ ಆಯ್ಕೆ ಕೊಟ್ಟರೆ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಮುಂದಕ್ಕೆ ಬಿಡುತ್ತದೆ. ಎರಡನೆಯ ಸುತ್ತಿನಲ್ಲಿ ಆರ್3 ಕೊಟ್ಟರೆ ಆ ಜಾಗಗಳನ್ನು ಮೂರು ಸಲ ಮರುಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲಿನ ಹೆಸರು ಕೊಡಲು ಮರೆತರೆ, ನಡುವೆ ನಿಂತಾಗ ಮತ್ತೆ ಮೊದಲಿಂದ ಶುರುಮಾಡಬೇಕು. ಸಾಯುತ್ತಿರುವ ಕಾರ್ಡಿಗೆ ಅಷ್ಟು ಆಯುಷ್ಯ ಇರುವುದಿಲ್ಲ.

ರೆಕುವಾ ವಿಂಡೋಸ್‌ನಲ್ಲಿ ಓಡುವ ತಂತ್ರಾಂಶ. ಫೈಲ್ ಸಿಸ್ಟಮ್ಮಿನ ಪಟ್ಟಿಯನ್ನು ಓದುತ್ತದೆ. ಫ್ಯಾಟ್‌ನಲ್ಲಿ ಡಿಲೀಟ್ ಆದ ಫೈಲಿನ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಇ5 ಎಂಬ ಗುರುತು (ಹೆಕ್ಸ್ ಲೆಕ್ಕದಲ್ಲಿ ಬರೆದ ಒಂದು ಬೈಟು) ಬೀಳುತ್ತದೆ, ಫೈಲಿನ ತುಣುಕುಗಳನ್ನು ಜೋಡಿಸುವ ಸರಪಳಿ ಅಳಿಯುತ್ತದೆ, ಡೇಟಾ ಇದ್ದಲ್ಲೇ ಇರುತ್ತದೆ. ಆರಂಭ ಎಲ್ಲಿ, ಉದ್ದ ಎಷ್ಟು ಎನ್ನುವುದು ಪಟ್ಟಿಯಲ್ಲಿ ಉಳಿದಿರುವುದರಿಂದ ಹೆಸರು (ಮೊದಲ ಅಕ್ಷರ ಬಿಟ್ಟು), ದಿನಾಂಕ, ಫೋಲ್ಡರ್ ಸಮೇತ ಫೋಟೋ ವಾಪಸ್ಸು ಬರುತ್ತದೆ. ಈಗಷ್ಟೇ ಕೈತಪ್ಪಿ ಡಿಲೀಟ್ ಮಾಡಿದ ಹತ್ತು ಫೋಟೋಗಳಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಆದರೆ ಅದು ತೋರಿಸುವ ಹಸಿರು ಚುಕ್ಕೆಯನ್ನು ತಪ್ಪಾಗಿ ಓದಬೇಡಿ. ಆ ಜಾಗದ ಮೇಲೆ ಬೇರೆ ಫೈಲು ಕೂತಿಲ್ಲ ಅನ್ನುವುದಷ್ಟೇ ಅದರ ಅರ್ಥ. ಒಳಗಿನ ಚಿತ್ರ ಸರಿಯಿದೆ ಅಂತಲ್ಲ.

ಫೋಟೋರೆಕ್ ಕ್ರಿಸ್ತೋಫ್ ಗ್ರೆನಿಯೆ ಬರೆದದ್ದು. ಮುಕ್ತ ತಂತ್ರಾಂಶ, ಟೆಸ್ಟ್‌ಡಿಸ್ಕ್‌ನ ಜೊತೆಯಲ್ಲೇ ಬರುತ್ತದೆ. ಇದು ಪಟ್ಟಿಯನ್ನು ನಂಬುವುದಿಲ್ಲ. ಕಾರ್ಡನ್ನು ತುದಿಯಿಂದ ತುದಿಗೆ ಓದುತ್ತಾ ಜೆಪೆಗ್‌ನ ಸಹಿಯಾದ ಎಫ್‌ಎಫ್ ಡಿ8 ಎಫ್‌ಎಫ್ ಕಂಡಲ್ಲೆಲ್ಲ ಫೈಲು ಎತ್ತುತ್ತದೆ. ಕಾರ್ಡು ಫಾರ್ಮ್ಯಾಟ್ ಆಗಿ ಪಟ್ಟಿಯೇ ಹೋದಾಗ ರೆಕುವಾಕ್ಕೂ ಹೀಗೆಯೇ ಸಹಿ ಹುಡುಕುವ ಡೀಪ್ ಸ್ಕ್ಯಾನೇ ಗತಿ, ಆಗ ಅದರ ಹೆಸರು-ಫೋಲ್ಡರಿನ ಅನುಕೂಲ ಹೋಗಿಬಿಡುತ್ತದೆ. ಈ ಕೆಲಸದಲ್ಲಿ ಫೋಟೋರೆಕ್ ಒಂದು ಕೈ ಮೇಲೆ.

ಹೊಸಬರು ಎಡವುವುದು ಅದರ ಕಪ್ಪು ಪರದೆಯ ಆಯ್ಕೆಗಳಲ್ಲಿ. ಫೈಲ್ ಆಪ್ಟ್‌ನಲ್ಲಿ ಎಲ್ಲವನ್ನೂ ತೆಗೆದು ಜೆಪಿಜಿ, ಟಿಐಎಫ್ ಎರಡನ್ನೇ ಇಡಿ. ನಿಕಾನ್ ಎನ್‌ಇಎಫ್, ಕ್ಯಾನನ್ ಸಿಆರ್2 ಎರಡೂ ಟಿಐಎಫ್ ಕುಟುಂಬದೊಳಗೇ ಬರುತ್ತವೆ. ಬೇರೆ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಫೈಲ್ ಸಿಸ್ಟಮ್ ಕೇಳಿದಾಗ "ಅದರ್", ಜಾಗ ಕೇಳಿದಾಗ "ಹೋಲ್". ಉಳಿಸುವುದು ಬೇರೆ ಡಿಸ್ಕಿಗೆ, ಅದೇ ಕಾರ್ಡಿಗೆ ಯಾವತ್ತೂ ಅಲ್ಲ. ಕೆಟ್ಟ ಫೈಲುಗಳನ್ನೂ ಇಟ್ಟುಕೊಳ್ಳುವ ಆಯ್ಕೆಯನ್ನು ಆನ್ ಮಾಡಿ, ಇಲ್ಲದಿದ್ದರೆ ಮುಂದೆ ರಿಪೇರಿ ಮಾಡಬಹುದಾಗಿದ್ದ ಅರ್ಧಂಬರ್ಧ ಫೋಟೋಗಳನ್ನು ಅದೇ ಬಿಸಾಡುತ್ತದೆ. ಹೊರಬಂದ ಫೈಲುಗಳ ಹೆಸರು ಎಫ್‌ನಿಂದ ಶುರುವಾದರೆ ಫೋಟೋ, ಟಿ ಇದ್ದರೆ ಥಂಬ್‌ನೈಲ್ (ಪುಟಾಣಿ ಮುನ್ನೋಟ), ಬಿ ಇದ್ದರೆ ಮುರುಕು. ಮೂಲ ಹೆಸರು ಹೋಗಿರುತ್ತದೆ. ಮದುವೆಯ ಎರಡು ಸಾವಿರ ಫೋಟೋಗಳಲ್ಲಿ ಧಾರೆ ಯಾವುದು, ಆರತಕ್ಷತೆ ಯಾವುದು ಎಂದು ತಡಕಾಡುವ ಬದಲು ಫೋಟೋದೊಳಗಿನ ಎಕ್ಸಿಫ್ ವಿವರ (ತೆಗೆದ ಸಮಯ, ಕ್ಯಾಮೆರಾ ಇತ್ಯಾದಿ) ಓದುವ ಎಕ್ಸಿಫ್‌ಟೂಲ್‌ಗೆ ಹೇಳಿ, ತೆಗೆದ ದಿನ-ಸಮಯವನ್ನೇ ಹೆಸರಾಗಿ ಇಟ್ಟುಕೊಡುತ್ತದೆ.

ಫೋಟೋರೆಕ್ ಸೋಲುವುದು ತುಂಡಾದ ಫೈಲಿನ ಮುಂದೆ. ನಡುನಡುವೆ ಡಿಲೀಟ್ ಮಾಡುತ್ತಾ ಮತ್ತೆ ತೆಗೆಯುತ್ತಾ ಹೋದ ಕಾರ್ಡಿನಲ್ಲಿ ಒಂದು ಫೋಟೋದ ಮೊದಲರ್ಧ ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ ಕೂತಿರುತ್ತದೆ. ಮೇಲೆ ವಧುವಿನ ಮುಖ, ಕೆಳಗೆ ಊಟದ ಪಂಕ್ತಿ ಬಂದರೆ ಕಾರಣ ಇದೇ. ರೆಕುವಾದಲ್ಲೂ ಇದೇ ಗತಿ, ಅದೂ ಸಾಲಾಗಿಯೇ ಇದೆ ಎಂದು ಊಹಿಸುತ್ತದೆ. ಫೋಟೋರೆಕ್‌ನ ಪ್ಯಾರನಾಯ್ಡ್ ಆಯ್ಕೆಯೊಳಗಿನ ಬ್ರೂಟ್‌ಫೋರ್ಸ್ ಕೆಲವನ್ನು ಜೋಡಿಸುತ್ತದೆ, ಆದರೆ ರಾತ್ರಿಯೆಲ್ಲ ಓಡಬೇಕಾದೀತು.

ಫೋನಿನ ಒಳಮೆಮೊರಿಗೆ ಇವೆರಡೂ ಇಲ್ಲ. ಈಗಿನ ಆಂಡ್ರಾಯ್ಡ್, ಐಫೋನ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ. ಟ್ರ್ಯಾಶ್ ಫೋಲ್ಡರೋ, ಕ್ಲೌಡ್ ಬ್ಯಾಕಪ್ಪೋ, ಯಾರಿಗೋ ಕಳಿಸಿದ ವಾಟ್ಸ್ಯಾಪ್ ಪ್ರತಿಯೋ, ಅಷ್ಟೇ.

ತಲೆ ಹೋದ ಫೈಲು: ಹೆಕ್ಸ್ ಎಡಿಟರ್ ಮತ್ತು ಪಾವತಿ ತಂತ್ರಾಂಶ

ಹಣ ಕೊಡುವ ರಿಪೇರಿ ತಂತ್ರಾಂಶಗಳು "ಅದೇ ಕ್ಯಾಮೆರಾದ ಒಂದು ಸರಿಯಾದ ಫೋಟೋ ಕೊಡಿ" ಎಂದು ಕೇಳುತ್ತವಲ್ಲ, ಆ ಫೋಟೋದ ತಲೆ ಕತ್ತರಿಸಿ ಕೆಟ್ಟದ್ದಕ್ಕೆ ಅಂಟಿಸುವುದಕ್ಕೆ. ಎಚ್‌ಎಕ್ಸ್‌ಡಿಯಂಥ ಉಚಿತ ಹೆಕ್ಸ್ ಎಡಿಟರಿನಲ್ಲಿ ಇದೇ ಕೆಲಸ ಐದು ನಿಮಿಷದ್ದು.

ಒಳ್ಳೆಯ ಫೋಟೋದಲ್ಲಿ ಎಫ್‌ಎಫ್ ಡಿಎ ಹುಡುಕಿ. ಚಿತ್ರದ ಡೇಟಾ ಶುರುವಾಗುವ ಗುರುತು ಅದು. ಮೊದಲು ಸಿಕ್ಕಿದ್ದನ್ನು ನೆಚ್ಚಬೇಡಿ, ಸಾಮಾನ್ಯವಾಗಿ ಅದು ಒಳಗೆ ಅಡಗಿರುವ ಥಂಬ್‌ನೈಲಿನದು. ಎಫ್‌ಎಫ್ ಸಿ0 ಗುರುತಿನ ಬಳಿ ಪೂರ್ತಿ ಅಳತೆ ಇರುವ ಮುಖ್ಯ ಚಿತ್ರದ ಹೆಡರನ್ನು ಹುಡುಕಿ, ಅದರ ನಂತರ ಬರುವುದನ್ನು ಹಿಡಿಯಿರಿ. ಎಫ್‌ಎಫ್ ಡಿಎ ಆದಮೇಲೆ 00 0ಸಿ ಎಂದಿರುತ್ತದೆ, ಅಂದರೆ 12 ಬೈಟಿನ ವಿವರ. ಗುರುತಿನ ಎರಡು ಬೈಟೂ ಸೇರಿ 14 ಬೈಟು ಎಣಿಸಿದರೆ ಹೆಡರ್ ಅಲ್ಲಿಗೆ ಮುಗಿಯಿತು. ಫೈಲಿನ ಆರಂಭದಿಂದ ಅಲ್ಲಿವರೆಗೆ ಕಾಪಿ. ಕೆಟ್ಟ ಫೈಲಿನಲ್ಲೂ ಮುಖ್ಯ ಎಫ್‌ಎಫ್ ಡಿಎ ಉಳಿದಿದ್ದರೆ ಅದರ 14 ಬೈಟಿನವರೆಗಿನದನ್ನು ಅಳಿಸಿ, ಹೊಸ ತಲೆ ಅಂಟಿಸಿ, ಬೇರೆ ಹೆಸರಿನಲ್ಲಿ ಉಳಿಸಿ. 4 ಕೆಬಿ ಕೆಡಿಸಿದ ಫೈಲುಗಳು ಈ ಉಪಾಯಕ್ಕೆ ಪೂರ್ತಿ ಎದ್ದು ಕೂತವು, ಪಾವತಿ ತಂತ್ರಾಂಶದಲ್ಲೂ ಹಾಗೇ. ಎರಡರ ಫಲಿತಾಂಶದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ.

ತಪ್ಪುವುದು ಎಲ್ಲಿ? ದಾನಿ ಫೋಟೋ ಅದೇ ಕ್ಯಾಮೆರಾ, ಅದೇ ರೆಸಲ್ಯೂಶನ್, ಅದೇ ಕ್ವಾಲಿಟಿ ಸೆಟ್ಟಿಂಗ್‌ನದೇ ಆಗಿರಬೇಕು. ಅಗಲ ಬೇರೆಯಾದರೆ ಚಿತ್ರ ಓರೆಯಾಗಿ ಜಾರುತ್ತದೆ. ಚಿತ್ರವನ್ನು ಎಷ್ಟು ಹಿಂಡಿದೆ ಎಂದು ಹೇಳುವ ಕ್ವಾಂಟೈಸೇಶನ್ ಟೇಬಲ್ ಬೇರೆಯಾದರೆ ಚಿತ್ರ ಬರುತ್ತದೆ, ಕಾಂಟ್ರಾಸ್ಟ್ ಮಾತ್ರ ವಿಕಾರ. ಡೇಟಾವನ್ನು ಬಿಡಿಸಿ ಓದುವ ಕೀಲಿಯಾದ ಹಫ್‌ಮನ್ ಟೇಬಲ್ ಬೇರೆಯಾದರೆ ಬರೀ ಬಣ್ಣದ ಕಸ. ಕ್ಯಾಮೆರಾಗಳು ಬಹುಪಾಲು ಒಂದೇ ಸಿದ್ಧ ಹಫ್‌ಮನ್ ಟೇಬಲ್ ಬಳಸುತ್ತವೆ, ಅದಕ್ಕೇ ಈ ಕಸಿ ಹಿಡಿಯುವುದು. ಎಡಿಟಿಂಗ್ ತಂತ್ರಾಂಶದಿಂದ ಎಕ್ಸ್‌ಪೋರ್ಟ್ ಆದ ಫೋಟೋಗಳಲ್ಲಿ ಹಲವು ಸಲ ಪ್ರತಿ ಚಿತ್ರಕ್ಕೂ ಅದರದೇ ಟೇಬಲ್ ಇರುತ್ತದೆ. ಅಂಥದ್ದರ ತಲೆ ಹೋದರೆ ಹಣ ಕೊಟ್ಟ ತಂತ್ರಾಂಶವೂ ಕೈಚೆಲ್ಲುತ್ತದೆ.

ಹಾಗಾದರೆ ಪಾವತಿ ತಂತ್ರಾಂಶಕ್ಕೆ ಅರ್ಥವೇ ಇಲ್ಲವೇ? ಇದೆ. ಇನ್ನೂರು ಫೈಲುಗಳ ತಲೆ ಒಟ್ಟಿಗೆ ಹೋದಾಗ. ಇದಕ್ಕೆ ಪಕ್ಕಾ ಉದಾಹರಣೆ ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ಸ್ಟಾಪ್ ಡಿಜೆವು ಎಂಬ ರ‍್ಯಾನ್ಸಮ್‌ವೇರ್. ಅದು ಫೈಲಿನ ಮೊದಲ ಸುಮಾರು 150 ಕೆಬಿಯನ್ನಷ್ಟೇ ಎನ್‌ಕ್ರಿಪ್ಟ್ ಮಾಡುತ್ತದೆ. 8 ಎಂಬಿ ಫೋಟೋದಲ್ಲಿ ಮೇಲಿನ ತೆಳು ಪಟ್ಟಿಯೊಂದು ಹೋಗಿ ಉಳಿದದ್ದೆಲ್ಲ ಹಾಗೇ ಇರುತ್ತದೆ. ಒಂದೊಂದನ್ನೂ ಕೈಯಲ್ಲಿ ಕಸಿ ಮಾಡುವುದಕ್ಕಿಂತ ರಾಶಿಗಟ್ಟಲೆ ಮಾಡುವ ತಂತ್ರಾಂಶಕ್ಕೆ ದುಡ್ಡು ಕೊಡಬಹುದು. ಕೊಳ್ಳುವ ಮೊದಲು ಡೆಮೊದ ಮುನ್ನೋಟವನ್ನು ಪೂರ್ತಿ ಗಾತ್ರದಲ್ಲಿ ನೋಡಿ. 160×120ರ ಥಂಬ್‌ನೈಲನ್ನೇ ಹಿಗ್ಗಿಸಿ ತೋರಿಸಿ "ರಿಪೇರಿ ಆಯಿತು" ಅನ್ನುವ ಚಾಳಿ ಉಂಟು.

ಹೊಟ್ಟೆ ಹರಿದಾಗ

ಕಷ್ಟ ಇರುವುದು ಇಲ್ಲಿ. 6000×4000ರ ಫೋಟೋವನ್ನು ಜೆಪೆಗ್ 16×8ರ ತುಣುಕುಗಳಾಗಿ ನೋಡುತ್ತದೆ ಎಂದಿಟ್ಟುಕೊಳ್ಳಿ: ಅಡ್ಡಕ್ಕೆ 375, ಉದ್ದಕ್ಕೆ 500, ಒಟ್ಟು 1,87,500 ತುಣುಕು. ಫೈಲು 8 ಎಂಬಿ ಇದ್ದರೆ ತುಣುಕೊಂದಕ್ಕೆ ಸರಾಸರಿ 43 ಬೈಟು. ಕಾರ್ಡಿನ 512 ಬೈಟಿನ ಒಂದು ಸೆಕ್ಟರ್ (ಡೇಟಾ ಇಡುವ ಒಂದು ಖಾನೆ) ಸತ್ತರೆ ನಿಜವಾಗಿ ಕಳೆದದ್ದು ಹನ್ನೆರಡು ತುಣುಕು, ರೇಷ್ಮೆ ಸೀರೆಯ ಅಂಚಿನ ಒಂದು ಜರಿಯಷ್ಟು. ಆದರೆ ಪರದೆಯ ಮೇಲೆ ಅಲ್ಲಿಂದ ಕೆಳಗಿನದೆಲ್ಲ ಪಕ್ಕಕ್ಕೆ ಸರಿದು ನೇರಳೆಯೋ ಹಸಿರೋ ಆಗಿರುತ್ತದೆ. ಏಕೆಂದರೆ ಪ್ರತಿ ತುಣುಕಿನ ಸರಾಸರಿ ಬಣ್ಣವನ್ನು ಹಿಂದಿನದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಬರೆದಿರುತ್ತಾರೆ. ನಡುವಿನ ಒಂದು ಲೆಕ್ಕ ತಪ್ಪಿದರೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಆಮೇಲಿನದೆಲ್ಲ ತಪ್ಪು. ಕೆಲವು ಕ್ಯಾಮೆರಾಗಳು ನಡುನಡುವೆ ರೀಸ್ಟಾರ್ಟ್ ಗುರುತು (ಎಫ್‌ಎಫ್ ಡಿ0ಯಿಂದ ಡಿ7) ಹಾಕುತ್ತವೆ. ಅಲ್ಲಿ ಲೆಕ್ಕ ಹೊಸದಾಗಿ ಶುರು, ಹಾನಿ ಮುಂದಿನ ಗುರುತಿಗೇ ನಿಲ್ಲುತ್ತದೆ.

ಮೊದಲು ಜೆಪೆಗ್‌ಸ್ನೂಪ್‌ನಲ್ಲಿ ತೆರೆಯಿರಿ. ತಪ್ಪು ಯಾವ ತುಣುಕಿನಲ್ಲಿ, ಫೈಲಿನ ಯಾವ ಜಾಗದಲ್ಲಿ ಎಂದು ಹೇಳುತ್ತದೆ, ತಾನಾಗಿ ಸರಿಮಾಡುವುದಿಲ್ಲ. ಸರಿಮಾಡಲು ಜೆಪೆಗ್‌ರಿಪೇರ್ ಎಂಬ ಕಮಾಂಡ್‌ಲೈನ್ ಉಪಕರಣ ಇದೆ. ಇಂಥ ಸಾಲು-ಕಂಬದಲ್ಲಿ ಇಷ್ಟು ತುಣುಕು ಸೇರಿಸು, ಇಷ್ಟು ತೆಗೆ, ಬಣ್ಣದ ಲೆಕ್ಕಕ್ಕೆ ಇಷ್ಟು ಕೂಡು ಎಂದು ಹೇಳುತ್ತಾ ಹೋಗಬೇಕು. ಮೊದಲು ಸ್ಥಾನ ಸರಿಮಾಡಿ, ಆಮೇಲೆ ಬೆಳಕು (ಉಪಕರಣದಲ್ಲಿ ಅದರ ಸಂಖ್ಯೆ 0), ಕೊನೆಗೆ ನೀಲಿ-ಕೆಂಪು (1, 2). ತಿರುವುಮುರುವು ಮಾಡಿದರೆ ಎರಡೆರಡು ಸಲ ಕೆಲಸ. ಹಾನಿ ಒಂದೇ ಕಡೆ ಇದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆರೇಳು ಕಡೆ ಇದ್ದರೆ ಆ ಫೋಟೋ ಅಷ್ಟು ಮುಖ್ಯವೇ ಎಂದು ಒಮ್ಮೆ ಯೋಚಿಸಿ. ಪಾವತಿ ತಂತ್ರಾಂಶದ "ಆಟೋ" ಗುಂಡಿ ಈ ಹಂತದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಕಳೆದುಹೋದದ್ದು ಎಷ್ಟು ತುಣುಕು ಎನ್ನುವುದನ್ನು ಚಿತ್ರ ನೋಡಿ ಅಳೆಯಬೇಕು, ಅದನ್ನು ಕಣ್ಣೇ ಚೆನ್ನಾಗಿ ಮಾಡುತ್ತದೆ.

ಅರ್ಧಕ್ಕೆ ಕತ್ತರಿಸಿದ ಫೈಲುಗಳ ಕೆಳಗಿನ ಬೂದು ಭಾಗವನ್ನು ಯಾವುದೂ ತುಂಬಲಿಲ್ಲ, ತುಂಬಲು ಸಾಧ್ಯವೂ ಇಲ್ಲ. ಎಐ ತುಂಬುತ್ತದೆ ಅನ್ನುವವರಿಗೆ: ಅದು ಚಿತ್ರ ಬರೆಯುವುದು, ವಾಪಸ್ಸು ತರುವುದಲ್ಲ. ಹಿನ್ನೆಲೆಯ ಗೋಡೆಗೆ ಸರಿ, ಅಜ್ಜಿಯ ಮುಖಕ್ಕೆ ಬೇಡ.

ಮರೆತುಹೋಗುವ ಸುಲಭದ ದಾರಿ: ಎಕ್ಸಿಫ್‌ಟೂಲ್

ರಾ ಫೈಲು ತೆರೆಯದಿದ್ದರೆ ರಿಪೇರಿಗೆ ಇಳಿಯುವ ಮುಂಚೆ ಒಳಗಿನ ಜೆಪೆಗ್ ಎಳೆದು ನೋಡಿ. ನಿಕಾನ್ ಎನ್‌ಇಎಫ್‌ನಲ್ಲಿ ಜೆಪಿಜಿಫ್ರಮ್‌ರಾ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಪೂರ್ತಿ ಗಾತ್ರದ ಪ್ರತಿಯೇ ಕೂತಿರುತ್ತದೆ. ಸೋನಿಯ ಹಲವು ಎಆರ್‌ಡಬ್ಲ್ಯೂಗಳಲ್ಲಿ ಪ್ರಿವ್ಯೂಇಮೇಜ್ 1616×1080. ಆಲ್ಬಮ್ಮಿನ ಸಣ್ಣ ಪುಟಕ್ಕೆ ಅಷ್ಟು ಸಾಕು. ಎಕ್ಸಿಫ್ ಭಾಗವೇ ಕೆಟ್ಟಿದ್ದರೆ ಎಕ್ಸಿಫ್‌ಟೂಲ್‌ಗೆ ದಾರಿ ಗೊತ್ತಾಗುವುದಿಲ್ಲ. ಆಗ ಜೆಪೆಗ್‌ಸ್ನೂಪ್‌ನಲ್ಲಿ "ಮುಂದಿನ ಚಿತ್ರ ಹುಡುಕು" ಒತ್ತುತ್ತಾ ಹೋದರೆ ಒಳಗಿನ ಜೆಪೆಗ್‌ಗಳು ಒಂದೊಂದಾಗಿ ಸಿಗುತ್ತವೆ.

ಕೆಲಸ ಮುಗಿದು ಆ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕುವ ಮುಂಚೆ ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಇಡೀ ಕಾರ್ಡಿಗೆ ಬರೆದು, ಬರೆದದ್ದನ್ನು ಓದಿ ತಾಳೆ ನೋಡುತ್ತವೆ. ಮೇಲೆ 128 ಜಿಬಿ ಎಂದು ಅಚ್ಚಾಗಿ ಒಳಗೆ 8 ಜಿಬಿ ಇರುವ ನಕಲಿ ಕಾರ್ಡುಗಳು ಮೊದಲ 8 ಜಿಬಿ ತನಕ ಸಾಚಾ ಕಾರ್ಡಿನಂತೆಯೇ ನಡೆದುಕೊಳ್ಳುತ್ತವೆ. ಬೆಳಗಿನ ಕಾಶಿಯಾತ್ರೆ ಚೆನ್ನಾಗಿ ಬಂದು ಮಧ್ಯಾಹ್ನದ ನಂತರದ್ದೆಲ್ಲ ಜಿಪ್‌ನಲ್ಲಿ ಕೆಲವೇ ಕೆಬಿಗೆ ಕುಗ್ಗಿದರೆ, ಕೆಟ್ಟದ್ದು ಫೈಲಲ್ಲ, ಕಾರ್ಡು.