ಜಗುಲಿಯಲ್ಲಿ ಹಿತವಾಗಿದ್ದ ಸ್ಕೀ ಬೂಟು

ಶಿರಸಿ ಸೀಮೆಯಲ್ಲಿ ಸ್ಕೀ ಬೂಟು ಹಾಕಿಕೊಂಡು ಜಗುಲಿಯ ಮೇಲೆ ಓಡಾಡಿದ ಮೊದಲ ಮನುಷ್ಯ ನಾನೇ ಇರಬೇಕು. ಆಯಿ ಅಡಿಕೆ ಸುಲಿಯುವುದನ್ನು ಬಿಟ್ಟು ನೋಡಿದಳು. "ಇದಕ್ಕಿಂತ ಕೊನೆಗೌಡನ ತಳೆಯೇ ಹಗುರ ಅಲ್ಲವೇನೋ ತಮಾ" ಎಂದಳು. ಅಡಿಕೆ ಮರ ಏರುವವನು ಕಾಲಿಗೆ ಸಿಕ್ಕಿಸಿಕೊಳ್ಳುವ ಕುಣಿಕೆ ಅದು. ನಕ್ಕುಬಿಟ್ಟೆ. ಬೂಟು ಕಾಲಿಗೆ ಅಷ್ಟು ಹಿತವಾಗಿತ್ತು; 28,000 ರೂಪಾಯಿ ಕೊಟ್ಟದ್ದು ಸಾರ್ಥಕ ಅನ್ನಿಸಿತ್ತು. ಆ ಹಿತವೇ ಕೇಡು ಎಂದು ತಿಳಿದದ್ದು ಕಾಶ್ಮೀರದ ಗುಲ್ಮಾರ್ಗಿನಲ್ಲಿ, ಎರಡೂ ಹೆಬ್ಬೆರಳಿನ ಉಗುರು ಕಪ್ಪಾದ ಮೇಲೆ.

ಸ್ಕೀಯಿಂಗ್‌ನಲ್ಲಿ ನಾನು ಪಳಗಿದವನಲ್ಲ, ತೀರಾ ಹೊಸಬನೂ ಅಲ್ಲ. ಎರಡು ಚಳಿಗಾಲ ಬಾಡಿಗೆ ಬೂಟಿನಲ್ಲಿ ಕಲಿತಿದ್ದೆ. ಹತ್ತಾರು ಜನರ ಬೆವರು ಕುಡಿದ ಬೂಟು ಸಾಕಾಗಿ, ಸ್ವಂತದ್ದೊಂದು ಇರಲಿ ಎಂದು ದೂರದ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಅವರು ಕೇಳಿದ್ದು ಶೂ ಸೈಜು ಮಾತ್ರ. ಒಂಬತ್ತು ಎಂದೆ. 28ರ ಬೂಟು ಪಾರ್ಸೆಲ್ ಬಂತು.

ಈ 28 ಎಂಬುದು ಸೆಂಟಿಮೀಟರ್ ಲೆಕ್ಕ. ಮೊಂಡೊ ಅಳತೆಯಲ್ಲಿ ಪಾದದ ಉದ್ದವೇ ಸೈಜು. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು ಅಳೆದಿದ್ದರೆ ನನ್ನದು 26.4 ಎಂದು ಆಗಲೇ ತಿಳಿಯುತ್ತಿತ್ತು. ಬರಿಗಾಲಲ್ಲಿ ತೋಟ ಸುತ್ತಿ ಬೆಳೆದ ಕಾಲು, ಮುಂಗಾಲು ಅಗಲ. ಅಗಲಕ್ಕೆ ಹಿಡಿಸಲೆಂದು ಉದ್ದದ ಶೂ ಕೊಳ್ಳುವ ಹಳೆಯ ಚಾಳಿ ನನ್ನದು. ಸ್ಕೀ ಬೂಟಿನಲ್ಲಿ ಅಗಲಕ್ಕೆ ಬೇರೆಯೇ ಅಳತೆ ಇದೆ: ಸುಮಾರು 98 ಮಿ.ಮೀ. ಎಂದರೆ ಕಿರಿದು, 100 ಮಧ್ಯಮ, 102 ದಾಟಿದರೆ ಅಗಲ. 26.5 ಉದ್ದದ, ಮುಂದೆ ಅಗಲವಾದ ಬೂಟು ಬೇಕಿದ್ದ ನಾನು ದೋಣಿ ಕೊಂಡಿದ್ದೆ.

ನಮ್ಮ ಸೆಕೆಯೂ ಅದಕ್ಕೆ ಕೈಜೋಡಿಸಿತು. ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ, ಮೊಣಕಾಲು ಮುಂದೆ ಒತ್ತಿದರೆ ಬೂಟು ವಿನಯದಿಂದ ಬಾಗುತ್ತಿತ್ತು. ಹಿಮದಲ್ಲಿ ಅದೇ ಬೂಟು ಮರದ ಕೊರಡು. ಅದರ ಫ್ಲೆಕ್ಸ್, ಅಂದರೆ ಬಾಗಲು ಒಪ್ಪದ ಗಡಸುತನದ ಸಂಖ್ಯೆ, 110. ನನ್ನ ಮಟ್ಟಕ್ಕೆ 90ರ ಆಸುಪಾಸು ಸಾಕಿತ್ತು. ಈ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ, ಒಂದು ಕಂಪನಿಯ 100 ಇನ್ನೊಂದರ 100ಕ್ಕೆ ಸಮ ಇರುವುದಿಲ್ಲ.

ಗೊಂಡೋಲಾ ಎಂಬ ತೂಗುಗಾಡಿಯ ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯಿಂದ ಇಳಿಯತೊಡಗಿದೆ. ತಿರುವಿನಲ್ಲಿ ಕಾಲು ತಿರುಗುತ್ತಿತ್ತು, ಸ್ಕೀ ತಿರುಗುತ್ತಿರಲಿಲ್ಲ. ಹಿಮ್ಮಡಿ ಒಳಗೇ ಎದ್ದು ಎದ್ದು ಬೀಳುತ್ತಿತ್ತು. ಬಕಲ್ ಬಿಗಿದರೆ ಪಾದಕ್ಕೆ ಜೋಮು. ಸಡಿಲಿಸಿದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿಗೆ ಗುದ್ದು. ಉಗುರು ಸತ್ತದ್ದು ಬೂಟು ಚಿಕ್ಕದಾಗಿ ಅಲ್ಲ, ದೊಡ್ಡದಾಗಿ. ಅದು ಹೊಳೆಯದೆ ಮೇಲೊಂದು ಕಾಲುಚೀಲ ಏರಿಸಿದೆ. ಅದು ಮಡಿಕೆ ಬಿದ್ದು, ರಕ್ತದ ಓಡಾಟ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಯಿತು.

ಮೂರನೆಯ ದಿನ ಬಾಡಿಗೆ ಅಂಗಡಿಯ ಹಿರಿಯರೊಬ್ಬರು ನನ್ನ ಬೂಟಿನ ಲೈನರನ್ನು, ಅಂದರೆ ಒಳಗಿನ ಮೆತ್ತನೆಯ ಪದರವನ್ನು, ಎಳೆದು ತೆಗೆದರು. ಬರಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಡಿಸಿ, ಬೆರಳ ತುದಿ ಮುಂದೆ ತಾಗುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಕೈ ತೂರಿಸಿದರು. ನನ್ನಂಥವರಿಗೆ ಅಲ್ಲಿ ಒಂದೂವರೆ, ಹೆಚ್ಚೆಂದರೆ ಎರಡು ಸೆಂ.ಮೀ. ಜಾಗ ಇರಬೇಕು. ಅವರ ಮೂರು ಬೆರಳು ಸಲೀಸಾಗಿ ಹೋದವು. ಬೈಯಲಿಲ್ಲ, ಆ ಮೂರು ಬೆರಳನ್ನು ಎತ್ತಿ ತೋರಿಸಿದರು ಅಷ್ಟೇ. ಅಂಗಡಿಯವರು ಈ ಪರೀಕ್ಷೆ ಮಾಡದಿದ್ದರೆ ನೀವೇ ಮಾಡಿ. ಲೈನರ್ ಹಾಕಿದ ಮೇಲೆ ನೆಟ್ಟಗೆ ನಿಂತಾಗ ಬೆರಳು ಮುಂದೆ ತಾಗಲೇಬೇಕು, ಮೊಣಕಾಲು ಬಾಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಏಳಬಾರದು. ಕಾಲುಚೀಲ ತೆಳ್ಳಗಿನದು, ಒಂದೇ. ಬಕಲ್ ಹಾಕಿಕೊಂಡು ಇಪ್ಪತ್ತು ನಿಮಿಷ ಅಂಗಡಿಯಲ್ಲೇ ನಿಲ್ಲಿ, ಮಾಲೀಕರ ಮುಖ ನೋಡಬೇಡಿ. ಲೈನರ್ ಬಳಸಿದಂತೆ ಅದುಮಿ ಸಡಿಲಾಗುತ್ತದೆ. ಒಂದು ಕಡೆ ಒತ್ತುವ ಚಿಪ್ಪನ್ನು ಬಿಸಿ ಮಾಡಿ ಹಿಗ್ಗಿಸಬಹುದು. ದೊಡ್ಡ ಚಿಪ್ಪನ್ನು ಕುಗ್ಗಿಸಲು ಬಾರದು. ಅರ್ಧ ಸೈಜಿಗೆ ಜಗಳವಾಡಿಯೂ ಫಲವಿಲ್ಲ, 26ಕ್ಕೂ 26.5ಕ್ಕೂ ಸಾಮಾನ್ಯವಾಗಿ ಚಿಪ್ಪು ಒಂದೇ. ಬೂಟು ಬದಲಿಸಿದರೆ, ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ತಿಳಿದವರಿಂದ ಮತ್ತೆ ಹೊಂದಿಸಿಕೊಳ್ಳಿ, ಇಲ್ಲವಾದರೆ ಬಿದ್ದಾಗ ಅದು ಸರಿಯಾಗಿ ಬಿಚ್ಚಿಕೊಳ್ಳದೆ ಕಾಲು ಮುರಿದೀತು.

ಹಿಮದ ಗೀರು ಬಿದ್ದಿದೆ ಎಂದು ಅಂಗಡಿಯವರು ಬೂಟು ವಾಪಸು ಪಡೆಯಲಿಲ್ಲ. ಈಗ ಅದು ಅಟ್ಟದ ಮೇಲೆ, ಅಡಿಕೆ ಚೀಲದ ಪಕ್ಕ ಇದೆ. ಮಳೆಗಾಲದಲ್ಲಿ ಲೈನರಿಗೆ ಬೂಸಲು ಬಂದಿತ್ತು, ಒಣಗಿಸಿ ಇಟ್ಟಿದ್ದೇನೆ. ಅರ್ಧ ಬೆಲೆಗೆ ಕೊಡುತ್ತೇನೆ. ಆದರೆ ಕೇಳುವ ಮೊದಲು ಗೋಡೆಗೆ ಹಿಮ್ಮಡಿ ಒತ್ತಿ ಪಾದ ಅಳೆದುಕೊಳ್ಳಿ. ಶೂ ಸೈಜು ಹೇಳಿದವರಿಗೆ ಮಾರುವುದಿಲ್ಲ.