ಸಿಎನ್‌ಜಿ ಪಿಕಪ್ಪಿನ ಮಿಸ್‌ಫೈರ್: ಸ್ಕ್ಯಾನರ್, ಡಾಂಗಲ್, ಲ್ಯಾಪ್‌ಟಾಪ್

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಈರುಳ್ಳಿ ಸಾಗಿಸುವ ನಮ್ಮ ಪೆಟ್ರೋಲ್ ಪಿಕಪ್ಪಿಗೆ, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಗ್ಯಾಸ್ ಕೊಡುವ ಸೀಕ್ವೆನ್ಶಿಯಲ್ ಸಿಎನ್‌ಜಿ ಕಿಟ್ ಹಾಕಿಸಿದ್ದೇವೆ. ಕೆಲಕಾಲದ ನಂತರ, ಭರ್ತಿ ಲೋಡಿನಲ್ಲಿ ಕಾತ್ರಜ್ ಘಾಟ್ ಹತ್ತುವಾಗ ಎಂಜಿನ್ ಜರ್ಕ್ ಹೊಡೆದು ಚೆಕ್ ಎಂಜಿನ್ ದೀಪ ಮಿಟುಕತೊಡಗಿತು. ಆ ದೀಪ ಒಂದೇ ಸಮನೆ ಉರಿದರೆ ದೋಷ ದಾಖಲಾಗಿದೆ ಎಂದು ತಿಳಿಯಬೇಕು. ಮಿಟುಕಿದರೆ, ಸುಡದೆ ಉಳಿದ ಇಂಧನ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸುವಷ್ಟು ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಆಗುತ್ತಿದೆ ಎಂದರ್ಥ, ಆಗ ಆಕ್ಸಲರೇಟರ್ ಸಡಿಲಿಸಲೇಬೇಕು. ಕಾರಣ ಹುಡುಕಲು ಮೂರು ಸಾಧನಗಳನ್ನು ಬಳಸಿ ನೋಡಿದೆ.

ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಸ್ಟೇರಿಂಗಿನ ಕೆಳಗಿನ 16 ಪಿನ್ನಿನ ಪೋರ್ಟಿಗೆ ಸಿಕ್ಕಿಸಿದೊಡನೆ ಪಿ0302 ತೋರಿಸಿತು, ಅಂದರೆ ಎರಡನೇ ಸಿಲಿಂಡರಿನ ಮಿಸ್‌ಫೈರ್. ಸಿಲಿಂಡರೊಂದು ಫೈರ್ ಆಗದಿದ್ದಾಗ ಕ್ರ್ಯಾಂಕ್ ಕ್ಷಣಮಾತ್ರ ನಿಧಾನವಾಗುವುದನ್ನು ಸೆನ್ಸರ್ ಗುರುತಿಸುವುದರಿಂದ ಸಿಲಿಂಡರಿನ ಸಂಖ್ಯೆ ನಂಬಬಹುದಾದದ್ದೇ. ಆದರೆ ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಕೆಟ್ಟಿದೆಯೋ, ಪ್ಲಗ್ಗೋ, ಇಂಧನ ಚಿಮ್ಮಿಸುವ ಇಂಜೆಕ್ಟರೋ ಎಂಬುದನ್ನು ಕೋಡ್ ಹೇಳುವುದಿಲ್ಲ. ಎರಡು ಮತ್ತು ಮೂರರ ಕಾಯಿಲ್‌ಗಳನ್ನು ಅದಲುಬದಲು ಮಾಡಿದರೂ, ಆಮೇಲೆ ಪ್ಲಗ್ಗುಗಳನ್ನು ಬದಲಿಸಿದರೂ ಕೋಡ್ ಎರಡರಲ್ಲೇ ಉಳಿಯಿತು. ಈ ಸ್ಕ್ಯಾನರಿನ ಕೆಲಸ ಅಲ್ಲಿಗೆ ಮುಗಿಯಿತು.

ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಅಗ್ಗದ ಡಾಂಗಲ್ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಘಾಟಿನುದ್ದಕ್ಕೂ ಅಂಕಿಗಳನ್ನು ದಾಖಲಿಸಿಕೊಂಡು, ಇಳಿದ ಮೇಲೆ ನಿಧಾನವಾಗಿ ನೋಡಬಹುದು. ಪೆಟ್ರೋಲಿನಲ್ಲಿ ಶೇ. 3ರ ಸುತ್ತ ಇದ್ದ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಬೇಕಾಗಿದೆ ಎಂಬ ಅಂಕಿ) ಗ್ಯಾಸಿಗೆ ಬದಲಿಸಿ ಓಡಿಸಿದಾಗ ಶೇ. 9ಕ್ಕೆ ಏರುತ್ತಿತ್ತು, ಮಿಸ್‌ಫೈರೂ ಗ್ಯಾಸಿನಲ್ಲಿ ಮಾತ್ರ. ಇಂಧನ ಕಡಿಮೆ ಬೀಳುತ್ತಿದೆಯೆಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಸುರಿಯುತ್ತಿತ್ತು. ಏಕಕಾಲಕ್ಕೆ ಹಲವು ಅಂಕಿಗಳನ್ನು ಕೇಳಿದರೆ ಡಾಂಗಲ್ ತಡವರಿಸುತ್ತದೆ. ಮೂರು ನಾಲ್ಕಕ್ಕೆ ಸೀಮಿತಗೊಳಿಸಿದರೆ ಸಾಕಷ್ಟು ಚುರುಕಾಗಿದೆ.

ಆದರೆ ಸ್ಕ್ಯಾನರ್, ಡಾಂಗಲ್ ಎರಡೂ ಮಾತನಾಡುವುದು ಪೆಟ್ರೋಲ್ ಇಸಿಯು ಜೊತೆಗೆ. ಗ್ಯಾಸ್ ಕಿಟ್ಟಿಗೆ ಬೇರೆಯೇ ಇಸಿಯು ಇದ್ದು, ಅದರ ಕೇಬಲ್ಲೂ ಸಾಫ್ಟ್‌ವೇರೂ ಕಿಟ್ ಹಾಕುವವರ ಲ್ಯಾಪ್‌ಟಾಪಿನಲ್ಲಿರುತ್ತವೆ. ಭೋಸರಿಯಲ್ಲಿರುವ ವಿಜಯಪುರದ ಕಡೆಯ ಮೆಕ್ಯಾನಿಕ್ ಲ್ಯಾಪ್‌ಟಾಪ್ ಜೋಡಿಸಿ, ಒಂದು ಗುಂಡಿ ಒತ್ತಿ, "ಅಣ್ಣಾರ, ಎರಡನೇದ್ದು ಒಂದ ಪೆಟ್ರೋಲ್ ಮ್ಯಾಲ ಬಿಟ್ಟೀನಿ, ಈಗ ಲೋಡ್ ಕೊಟ್ಟು ನೋಡ್ರಿ" ಎಂದರು. ಉಳಿದ ಮೂರು ಸಿಲಿಂಡರ್‌ಗಳು ಗ್ಯಾಸಿನಲ್ಲೇ ಓಡುತ್ತಿದ್ದರೂ ಜರ್ಕ್ ನಿಂತಿತು. ಗ್ಯಾಸ್ ಇಂಜೆಕ್ಟರ್‌ಗಳನ್ನು ಕೂರಿಸಿರುವ ರೇಲ್ ಬಿಚ್ಚಿದಾಗ ಎರಡನೇ ಗ್ಯಾಸ್ ಇಂಜೆಕ್ಟರಿನ ಬಾಯಿಗೆ, ಗ್ಯಾಸ್ ತುಂಬುವ ಬಂಕಿನ ಕಂಪ್ರೆಸರ್ ಎಣ್ಣೆಯ ಜಿಡ್ಡು ಮೆತ್ತಿಕೊಂಡಿತ್ತು. ಸ್ವಚ್ಛಗೊಳಿಸಿ, ಗ್ಯಾಸ್ ಫಿಲ್ಟರನ್ನೂ ಬದಲಿಸಿದ ಮೇಲೆ ಟ್ರಿಮ್ ಇಳಿಯಿತು.

ಕಿಟ್ ಹಾಕಿಸಿದ ಗಾಡಿಗೆ ಡಾಂಗಲ್ ಕೊಳ್ಳಿ, ಲ್ಯಾಪ್‌ಟಾಪ್ ಇರುವ ಮೆಕ್ಯಾನಿಕ್ಕಿನ ಪರಿಚಯ ಇಟ್ಟುಕೊಳ್ಳಿ; ಸ್ಕ್ಯಾನರಿಗೆ ಪ್ರತ್ಯೇಕ ಹಣ ಹಾಕುವ ಅಗತ್ಯ ನನಗಂತೂ ಕಾಣಲಿಲ್ಲ. ಗ್ಯಾರೇಜಿಗೆ ಹೋಗುವ ಮೊದಲು ಕೋಡ್ ಅಳಿಸಬೇಡಿ, ಅದರೊಂದಿಗೆ ಆ ಕ್ಷಣದ ಆರ್‌ಪಿಎಮ್, ಲೋಡ್, ತಾಪಮಾನದ ದಾಖಲೆಯೂ ಅಳಿಸಿಹೋಗುತ್ತದೆ. ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುವುದರಿಂದ, ಗಾಡಿ ನಿಲ್ಲಿಸುವಾಗ ಡಾಂಗಲ್ ಕಿತ್ತಿಡಬೇಕು.